ಗೋಳಿಬಜೆಯೋ ಬನ್ಸೋ ಎಂದು ಕೇಳಿದರು, ಆಟ ಎಂಥದ್ದು ಬೇಕೆಂದು ಕೇಳಲಿಲ್ಲ: ಮಂಗಳೂರಿನ ಬೋರ್ಡ್‌ಗೇಮ್ ಕೆಫೆಯೊಂದರಲ್ಲಿ ಮೂರು ಭಾನುವಾರ

ಮಂಗಳೂರು ಪೇಟೆಯ ಒಂದು ಒಳರಸ್ತೆಯಲ್ಲಿ, ಹಳೆಯ ಹಂಚಿನ ಮನೆಯ ಮಹಡಿಯಲ್ಲಿ ನಡೆಯುವ ಬೋರ್ಡ್‌ಗೇಮ್ ಕೆಫೆಗೆ ಈ ಮಳೆಗಾಲದಲ್ಲಿ ನಾನು ಮೂರು ಭಾನುವಾರ ಹೋಗಿಬಂದೆ. ಹೊಗಳಿಕೆಯಷ್ಟೇ ದೂರೂ ಇರುವುದರಿಂದ ಕೆಫೆಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಕೇರಂ, ಚೆಸ್, ಪೆಟ್ಟಿಗೆಯಲ್ಲಿ ಬರುವ ಹತ್ತಾರು ಆಟಗಳು ಇವೆ. ಅವುಗಳ ಬಗ್ಗೆ ವಿಶೇಷವಾಗಿ ಹೇಳುವಂಥದ್ದಿಲ್ಲ. ನಾನು ವಿಮರ್ಶಿಸುತ್ತಿರುವುದು ಭಾನುವಾರ ಮಧ್ಯಾಹ್ನ 3ರಿಂದ ಸಂಜೆ 7ರವರೆಗೆ ಅವರು ನಡೆಸುವ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಮೇಜನ್ನು ಮಾತ್ರ. ತಲೆಗೆ 450 ರೂಪಾಯಿ ಕೊಟ್ಟರೆ ಒಂದು ಕುರ್ಚಿ, ಆಡಿಸುವವರೊಬ್ಬರು, ಒಂದು ಲೋಟ ಕಾಫಿ ಮತ್ತು ಒಂದು ಪ್ಲೇಟು ತಿಂಡಿ ಸಿಗುತ್ತದೆ. ಒಬ್ಬಂಟಿಯಾಗಿ ಬಂದವರನ್ನೂ ಜೋಡಿಯಾಗಿ ಬಂದವರನ್ನೂ ಸೇರಿಸಿ ಮೇಜಿಗೆ ಐವರಂತೆ ಕೂರಿಸುತ್ತಾರೆ.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಕೆಫೆಯಲ್ಲಿ ಆಡಿಸುವುದು 2014ರಲ್ಲಿ ಬಂದ ಐದನೆಯ ಆವೃತ್ತಿಯನ್ನು. ಡಂಜನ್ ಮಾಸ್ಟರ್, ಅಂದರೆ ಎಲ್ಲರೂ ಡಿಎಂ ಎಂದು ಕರೆಯುವ ನಿರ್ವಾಹಕ, ಸನ್ನಿವೇಶವನ್ನು ವಿವರಿಸುತ್ತಾನೆ. ಒಬ್ಬೊಬ್ಬ ಆಟಗಾರ ಒಂದೊಂದು ಪಾತ್ರವಾಗಿ ತಾನು ಏನು ಮಾಡುತ್ತೇನೆಂದು ಹೇಳುತ್ತಾನೆ. ಅದು ಫಲಿಸುತ್ತದೋ ಇಲ್ಲವೋ ಎಂಬುದು ಅನಿಶ್ಚಿತವಾಗಿದ್ದರೆ ಇಪ್ಪತ್ತು ಮುಖದ ದಾಳವನ್ನು ಉರುಳಿಸಿ ನಿರ್ಧರಿಸುತ್ತಾರೆ. ತಾಳಮದ್ದಳೆಯನ್ನು, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನವನ್ನು, ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ತೀರ ಅಪರಿಚಿತವೇನಲ್ಲ. ಕುಳಿತಲ್ಲೇ ಪಾತ್ರವಾಗಿ, ಬರೆದುಕೊಳ್ಳದೆ ಮಾತನಾಡುವುದು ನಮಗೆ ಗೊತ್ತಿರುವ ವಿದ್ಯೆಯೇ. ಪ್ರಸಂಗದ ಕೊನೆ ಮೊದಲೇ ಬರೆದಿರುವುದಿಲ್ಲ ಎಂಬುದಷ್ಟೇ ದೊಡ್ಡ ವ್ಯತ್ಯಾಸ.

ಸಾಮಗ್ರಿಯ ವಿಷಯದಲ್ಲಿ ಕೆಫೆಯವರು ಜಿಪುಣತನ ಮಾಡಿಲ್ಲ. ಪ್ರತಿಯೊಬ್ಬರಿಗೂ ಏಳು ದಾಳಗಳ ಪೂರ್ತಿ ಕಟ್ಟು ಕೊಡುತ್ತಾರೆ. ಯುದ್ಧಕ್ಕೆ ಚೌಕುಳಿ ಹಾಕಿದ, ಅಳಿಸಿ ಬರೆಯಬಹುದಾದ ಹಾಸು ಇದೆ. ಮಳೆಗಾಲದ ತೇವಕ್ಕೆ ಪಾತ್ರದ ವಿವರವಿರುವ ಕ್ಯಾರೆಕ್ಟರ್ ಶೀಟುಗಳು ಹಪ್ಪಳ ಮೆತ್ತಗಾದ ಹಾಗೆ ಆಗಿದ್ದವು, ರಬ್ಬರು ಹಾಕಿದರೆ ಕಾಗದವೇ ಎದ್ದು ಬರುತ್ತಿತ್ತು. ಅದಕ್ಕೆ ಕೆಫೆಯನ್ನು ದೂರಿ ಪ್ರಯೋಜನವಿಲ್ಲ. ಡಿಎಂ ಇಪ್ಪತ್ತೈದರ ಆಸುಪಾಸಿನ ಯುವಕ. ನಿಯಮಗಳನ್ನು ಪುಸ್ತಕ ತೆರೆಯದೆ ಹೇಳಬಲ್ಲ, ಅಳಿವೆಯ ಬದಿಯ ಒಂದು ಸುಂಕದಕಟ್ಟೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಬಲ್ಲ.

ಇಷ್ಟಿದ್ದೂ ಮೊದಲ ಭಾನುವಾರ ಕೆಟ್ಟಿತು. ಮೇಜಿನಲ್ಲಿ ನನ್ನನ್ನು ಬಿಟ್ಟರೆ ಬ್ಯಾಂಕಿನಿಂದ ನಿವೃತ್ತರಾದ, ಹವ್ಯಾಸಕ್ಕೆ ತಾಳಮದ್ದಳೆಯಲ್ಲಿ ಅರ್ಥ ಹೇಳುವ (ಪಾತ್ರವಾಗಿ ಮಾತನಾಡುವ) ಹಿರಿಯರೊಬ್ಬರು, ಸಾಫ್ಟ್‌ವೇರ್ ಕಂಪನಿಯ ಹುಡುಗನೊಬ್ಬ, ಮಣಿಪಾಲದಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಬಂದ ವೈದ್ಯಕೀಯ ವಿದ್ಯಾರ್ಥಿನಿ ಮತ್ತು ಅವಳ ಗೆಳತಿ ಇದ್ದರು. ಸಾಫ್ಟ್‌ವೇರ್ ಹುಡುಗ ಮನೆಯಲ್ಲೇ ಅಂಕಿಗಳನ್ನು ಕೂಡಿಸಿ ಕಳೆದು, ಮೊದಲ ಹಂತದಲ್ಲಿ ಸಾಧ್ಯವಿರುವಷ್ಟು ಗಟ್ಟಿಯಾದ ಪಾತ್ರವನ್ನು ಸಿದ್ಧಪಡಿಸಿ ತಂದಿದ್ದ. ಉಳಿದವರಿಗೆ ಕೆಫೆಯವರೇ ತಯಾರಾದ ಪಾತ್ರಗಳನ್ನು ಇಸ್ಪೀಟು ಹಂಚಿದಂತೆ ಹಂಚಿದರು. ಹಾಗೆ ಹಂಚುವಾಗ ಅರ್ಥ ಹೇಳುವ ಹಿರಿಯರ ಕೈಗೆ ಬಂದದ್ದು ಕೊಡಲಿ ಹಿಡಿದ ಕಟ್ಟುಮಸ್ತಾದ ಯೋಧ. ಮಾತಿನ ವರ್ಚಸ್ಸನ್ನು ಅಳೆಯುವ ಕರಿಸ್ಮಾ ಅಂಕ 8, ಅಂದರೆ ದಾಳದಲ್ಲಿ ಬಿದ್ದ ಸಂಖ್ಯೆಯಿಂದ ಒಂದನ್ನು ಕಳೆಯಬೇಕು.

ಕಥೆಯೊಳಗೆ ಸುಂಕದಕಟ್ಟೆಯ ಕಾವಲುಗಾರ ನಮಗೆ ದಾರಿ ಬಿಡಲಿಲ್ಲ. ಹಿರಿಯರು ಕುರ್ಚಿಯಲ್ಲೇ ನೆಟ್ಟಗೆ ಕುಳಿತು, ಸುಂಕವೆಂದರೆ ಏನು, ಅದನ್ನು ಕೇಳುವ ಅಧಿಕಾರ ಯಾರಿಂದ ಬಂತು, ರಾಜನೇ ಪ್ರಜೆಯನ್ನು ಕಾಯದೆ ಹೋದ ಮೇಲೆ ಕಾವಲುಗಾರ ಕಾಯುತ್ತಿರುವುದಾದರೂ ಏನನ್ನು ಎಂದು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಾತನಾಡಿದರು. ಪಕ್ಕದ ಮೇಜಿನವರೂ ಕೇರಂ ನಿಲ್ಲಿಸಿ ಕೇಳಿದರು. ಮಾತು ಮುಗಿದಾಗ ಡಿಎಂ ಮೆಚ್ಚಿಗೆಯಿಂದ ತಲೆದೂಗಿ, ದಾಳ ಹಾಕಲು ಹೇಳಿದ. ಬಿದ್ದದ್ದು 4. ಕಾವಲುಗಾರ ನಕ್ಕು ಈಟಿ ಅಡ್ಡ ಹಿಡಿದ.

“ಹಾಗಾದರೆ ನಾನು ಇಷ್ಟು ಹೊತ್ತು ಮಾತಾಡಿದ್ದು ಎಂಥಕ್ಕೆ ಮಾರಾಯ್ರೆ?” ಎಂದು ಹಿರಿಯರು ಕೇಳಿದರು.

ಉತ್ತರ ಕೊಟ್ಟದ್ದು ಡಿಎಂ ಅಲ್ಲ, ಸಾಫ್ಟ್‌ವೇರ್ ಹುಡುಗ: “ಸರ್, ನನ್ನ ಪಾತ್ರ ಬಾಗಿಲು ಮುರಿಯುವಾಗ ನನ್ನ ಹತ್ತಿರ ಯಾರೂ ದಂಡ ಹೊಡೆಯಲಿಕ್ಕೆ ಹೇಳುವುದಿಲ್ಲವಲ್ಲ. ನಿಮಗೆ ಮಾತು ಬರುವುದು ಬೇರೆ, ನಿಮ್ಮ ಪಾತ್ರಕ್ಕೆ ಬರುವುದು ಬೇರೆ.”

ಅವನ ಮಾತಿನಲ್ಲಿ ಅಹಂಕಾರವಿರಲಿಲ್ಲ, ಮತ್ತು ಅದು ಸುಲಭವಾಗಿ ತಳ್ಳಿಹಾಕುವಂಥ ಮಾತೂ ಅಲ್ಲ. ನಾಲಿಗೆ ಚುರುಕಿದ್ದವರ ಪಾತ್ರವೆಲ್ಲ ಮಾತಿನಲ್ಲಿ ಗೆಲ್ಲುವುದಾದರೆ, ಕರಿಸ್ಮಾಕ್ಕೆ ಅಂಕ ಕೊಟ್ಟು ಬೇರೆಲ್ಲೋ ದುರ್ಬಲನಾಗಿ ಉಳಿದ ನಾಚಿಕೆ ಸ್ವಭಾವದ ಆಟಗಾರನಿಗೆ ಅನ್ಯಾಯವಾಗುತ್ತದೆ. ಆದರೆ ಹಿರಿಯರಿಗಾದ ಅವಮಾನವೂ ಸುಳ್ಳಲ್ಲ. ಲೆಕ್ಕವನ್ನೇ ನೋಡಿ: ಮಧ್ಯಮ ಕಷ್ಟದ ಕೆಲಸಕ್ಕೆ 15 ಬೇಕು, ಅವರ ಕಳೆತ ಒಂದು, ಆದ್ದರಿಂದ ದಾಳದಲ್ಲಿ 16 ಅಥವಾ ಅದಕ್ಕೂ ಮೇಲೆ ಬೀಳಬೇಕು, ನೂರಕ್ಕೆ 25ರಷ್ಟು ಸಾಧ್ಯತೆ. ಬಾಯಿ ಬಿಡದೆ “ಮಾತಾಡಿ ಒಪ್ಪಿಸುತ್ತೇನೆ” ಎಂದಿದ್ದರೂ ಅದೇ 25. ಫಲ ಅನಿಶ್ಚಿತವಾಗಿದ್ದಾಗ ಮಾತ್ರ ದಾಳ ಕೇಳಬೇಕೆಂದು ನಿಯಮವೇ ಹೇಳುವುದರಿಂದ, ಅಷ್ಟು ಒಳ್ಳೆಯ ವಾದಕ್ಕೆ ಕಾವಲುಗಾರ ಸುಮ್ಮನೆ ದಾರಿ ಬಿಡುವಂತೆ ಮಾಡುವ ಅಧಿಕಾರವೂ ಡಿಎಂಗೆ ಇತ್ತು. ಅವನು ಎರಡರಲ್ಲಿ ಯಾವ ದಾರಿ ಹಿಡಿದಿದ್ದರೂ ತಪ್ಪಾಗುತ್ತಿರಲಿಲ್ಲ. ಯಾವ ದಾರಿ ಎಂದು ಮೂರು ಗಂಟೆಗೇ ಹೇಳದೆ ಇದ್ದದ್ದು ತಪ್ಪಾಯಿತು.

ಅಲ್ಲಿಂದ ಮುಂದೆ ಯುದ್ಧ. ಈ ಆಟದಲ್ಲಿ ಯುದ್ಧದ ಒಂದು ಸುತ್ತು ಎಂದರೆ ಕಥೆಯೊಳಗಿನ 6 ಸೆಕೆಂಡು. ನಮ್ಮ ಹೊಡೆದಾಟ ಮೂರು ಸುತ್ತಿನಲ್ಲಿ, ಅಂದರೆ 18 ಸೆಕೆಂಡಿನಲ್ಲಿ ಮುಗಿಯಿತು. ಗೋಡೆಯ ಗಡಿಯಾರದಲ್ಲಿ 55 ನಿಮಿಷ. ಹಾಸಿನ ಮೇಲಿನ ಒಂದು ಚೌಕ ಐದು ಅಡಿ, ಸರದಿಗೆ ಮೂವತ್ತು ಅಡಿ ನಡೆಯಬಹುದು, ಯಾರ ಹಿಂದೆ ನಿಂತರೆ ಏನು ಲಾಭ ಎಂದು ಸಾಫ್ಟ್‌ವೇರ್ ಹುಡುಗ ಎಲ್ಲರ ಸರದಿಯನ್ನೂ ತಾನೇ ಯೋಚಿಸತೊಡಗಿದ. ಅವನ ಕಣ್ಣಿನಲ್ಲಿದ್ದ ಹೊಳಪನ್ನು ನೋಡಿದರೆ ಅವನು ಬಂದದ್ದೇ ಈ 55 ನಿಮಿಷಕ್ಕೆ ಎಂಬುದು ಗೊತ್ತಾಗುತ್ತಿತ್ತು. ಹಿರಿಯರು ತಮ್ಮ ಪಾತ್ರದ ಗೊಂಬೆಯನ್ನು ಅವನು ಹೇಳಿದಲ್ಲಿ ಇಟ್ಟರು. ಮಣಿಪಾಲದ ವಿದ್ಯಾರ್ಥಿನಿಗೆ ಸುಂಕದಕಟ್ಟೆಯ ಹಿಂದಿದ್ದ ಬೀಗ ಹಾಕಿದ ಉಗ್ರಾಣದ ಮೇಲೆ ಕಣ್ಣು. ಅವಳು ಮೂರು ಸಲ ಕೇಳಿದಾಗಲೂ “ಆಮೇಲೆ ನೋಡುವ” ಎಂಬ ಉತ್ತರ ಬಂತು. ಆಮೇಲೆ ಏಳು ಗಂಟೆಯಾಯಿತು. ಗೆಳತಿ ಅಷ್ಟರಲ್ಲಿ ಮೊಬೈಲಿನಲ್ಲಿ ಬಸ್ಸಿನ ಸಮಯ ನೋಡುತ್ತಿದ್ದಳು.

ಇಂಥ ಘರ್ಷಣೆ ಹೊಸದೇನಲ್ಲ. ಗೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ನಡೆಸುವ ಯುದ್ಧದಾಟಗಳಿಂದಲೇ ಈ ಆಟ ಹುಟ್ಟಿದ್ದು. ಲೆಕ್ಕಾಚಾರದ ಹುಚ್ಚು ಅದರ ರಕ್ತದಲ್ಲೇ ಇದೆ, ಪಾತ್ರವಾಗಿ ಬದುಕುವ ಆಸೆಯೂ ಮೊದಲಿನಿಂದಲೇ ಅದರ ಜೊತೆಗಿದೆ. ಗ್ಲೆನ್ ಬ್ಲಾಕೊ ಎಂಬವರು 1980ರಲ್ಲೇ ಆಡುವ ರೀತಿಗಳನ್ನು ನಾಲ್ಕಾಗಿ ವಿಂಗಡಿಸಿ ಬರೆದಿದ್ದರು: ಪಾತ್ರದ ಬಲ ಹೆಚ್ಚಿಸುವುದು, ಯುದ್ಧತಂತ್ರ ಹೂಡುವುದು, ಪಾತ್ರವಾಗಿ ವರ್ತಿಸುವುದು, ಕಥೆ ಕಟ್ಟುವುದು. ಅಷ್ಟು ಹಿಂದೆಯೇ ಗುರುತಿಸಿದ ವಿಷಯವನ್ನು ದುಡ್ಡು ತೆಗೆದುಕೊಂಡು ಆಡಿಸುವ ಕೆಫೆ ಗಮನಿಸದಿರುವುದು ನನಗೆ ಸರಿಯೆನಿಸಲಿಲ್ಲ. ಕೆಫೆಯ ನೋಂದಣಿ ಅರ್ಜಿಯಲ್ಲಿ ಹೆಸರು, ಮೊಬೈಲ್ ನಂಬರು, ಗೋಳಿಬಜೆಯೋ ಬನ್ಸೋ, ಕಾಫಿಗೆ ಸಕ್ಕರೆ ಬೇಕೋ ಬೇಡವೋ ಎಂಬ ನಾಲ್ಕು ಪ್ರಶ್ನೆಗಳಿದ್ದವು. ನಾಲ್ಕು ಗಂಟೆ ಕಳೆಯಬೇಕಾದದ್ದು ಗೋಳಿಬಜೆಯ ಜೊತೆಗಲ್ಲ. (ಗೋಳಿಬಜೆ ಚೆನ್ನಾಗಿಯೇ ಇತ್ತು, ಚಟ್ನಿ ಸ್ವಲ್ಪ ನೀರಾಗಿತ್ತು.)

ಇದನ್ನೆಲ್ಲ ಮಾಲಕರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಮುಂದಿನ ವಾರ ಎರಡು ಮೇಜು ಹಾಕಿದರು: ಒಂದು ಮಾತಿನವರಿಗೆ, ಇನ್ನೊಂದು ಹೊಡೆದಾಟದವರಿಗೆ. ನನ್ನ ಸಲಹೆಯೂ ಬಹುಮಟ್ಟಿಗೆ ಅದೇ ಆಗಿತ್ತಾದ್ದರಿಂದ, ಆ ದಿನದ ನೀರಸತೆಯಲ್ಲಿ ನನ್ನ ಪಾಲೂ ಇದೆ. ಮಾತಿನ ಮೇಜಿನಲ್ಲಿ ನಾವು ಐವರು ಒಂದು ಹೊಳೆಯ ಬದಿ ದೋಣಿಯವನ ಜೊತೆ ಎರಡೂವರೆ ಗಂಟೆ ಮಾತನಾಡಿದೆವು. ಅವನ ಸಂಸಾರದ ಕಷ್ಟಸುಖವೆಲ್ಲ ತಿಳಿಯಿತು, ಹೊಳೆ ಮಾತ್ರ ದಾಟಲಿಲ್ಲ. “ಆಯಿತು, ಈಗ ಹೋಗುವ” ಎಂದು ಎಬ್ಬಿಸುವವರು ಒಬ್ಬರೂ ಇರಲಿಲ್ಲ. ಆಚೆ ಮೇಜಿನಲ್ಲಿ ಸತತ ಮೂರು ಯುದ್ಧಗಳಾದವಂತೆ. ಶತ್ರು ಯಾರು, ಏಕೆ ಹೊಡೆದೆವು ಎಂದು ಕೇಳಿದರೆ ಸಾಫ್ಟ್‌ವೇರ್ ಹುಡುಗನಿಗೇ ಸರಿಯಾಗಿ ನೆನಪಿರಲಿಲ್ಲ. ತಾಳಮದ್ದಳೆ ಕೂಟದಲ್ಲಿ ಎದುರು ಅರ್ಥ ಹೇಳುವವರು ತಮ್ಮಂಥವರೇ ಆಗಿದ್ದರೆ ಸಂವಾದ ಏಳುವುದೇ ಇಲ್ಲ ಎಂದು ಹಿರಿಯರು ಕಾಫಿ ಕುಡಿಯುತ್ತ ಹೇಳಿದ್ದು ಅಲ್ಲಿಗೆ ತಕ್ಕ ಮಾತಾಗಿತ್ತು.

ಮೂರನೆಯ ಭಾನುವಾರ ಮತ್ತೆ ಮೊದಲಿನ ಐವರೇ ಒಂದೇ ಮೇಜಿಗೆ ಕುಳಿತೆವು. ಈ ಸಲ ಡಿಎಂ ಮೊದಲ ಇಪ್ಪತ್ತು ನಿಮಿಷ ಆಟವನ್ನೇ ಶುರುಮಾಡಲಿಲ್ಲ. ಹೋದ ಸಲ ಯಾವ ಹೊತ್ತಿಗೆ ಬೇಸರ ಬಂತು, ಇವತ್ತು ಏನು ಆಗದೆ ಮನೆಗೆ ಹೋದರೆ ದುಡ್ಡು ದಂಡವಾಯಿತೆನಿಸುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿದ. ಇದುವರೆಗೆ ತುಟಿ ಬಿಚ್ಚದಿದ್ದ ಗೆಳತಿ, ತನ್ನ ಸರದಿಯಲ್ಲಿ ಬೇರೆಯವರು ಯೋಚಿಸಿ ಹೇಳುವುದೇ ತನಗೆ ಬೇಸರವೆಂದು ಹೇಳಿದಳು. ಸಾಫ್ಟ್‌ವೇರ್ ಹುಡುಗ ಕೆಂಪಗಾದ, ಆದರೆ ಮತ್ತೆ ಆ ತಪ್ಪು ಮಾಡಲಿಲ್ಲ. ಬಳಿಕ ಡಿಎಂ ತನ್ನ ಕರಾರನ್ನೂ ಬಾಯಿಬಿಟ್ಟು ಹೇಳಿದ: ಮಾತಿಗೆ ದಾಳ ಇದ್ದೇ ಇರುತ್ತದೆ, ಆದರೆ ಒಳ್ಳೆಯ ಮಾತಿಗೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಈ ಆವೃತ್ತಿಯಲ್ಲೇ ಇರುವ ನಿಯಮ ಇದು. ಹಿರಿಯರ 25 ಇದರಿಂದ ಸುಮಾರು 44ಕ್ಕೆ ಏರುತ್ತದೆ. ಪಾತ್ರ ಬದಲಿಸಿಕೊಳ್ಳಿರೆಂದರೆ ಅವರು ಒಪ್ಪಲಿಲ್ಲ, ಆ ಕೊಡಲಿಯವನೇ ಬೇಕೆಂದರು.

ಅವರ ಮಾತು ಉದ್ದವಾದಾಗ ಡಿಎಂ, ಭಾಗವತರು ಜಾಗಟೆ ಬಡಿದು ಮುಂದಿನ ಪದ್ಯ ಎತ್ತಿಕೊಳ್ಳುವ ಹಾಗೆ, ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದ. ಯುದ್ಧಕ್ಕೆ ಸರದಿಯೊಂದಕ್ಕೆ ಒಂದು ನಿಮಿಷದ ಮರಳುಗಡಿಯಾರ ಇಟ್ಟ. ಉಗ್ರಾಣದ ಬೀಗ ತೆರೆಯಿತು. ಒಳಗೆ ಉಪ್ಪಿನ ಮೂಟೆಗಳೂ ಕಾವಲುಗಾರ ಬಚ್ಚಿಟ್ಟಿದ್ದ ಸುಂಕದ ಲೆಕ್ಕದ ಪುಸ್ತಕವೂ ಸಿಕ್ಕವು, ಹಿರಿಯರ ಎರಡನೆಯ ವಾದಕ್ಕೆ ಅದೇ ಆಧಾರವಾಯಿತು. ಎರಡು ದಾಳ ಹಾಕಿದರು: 7 ಮತ್ತು 11. ಮತ್ತೆ ಸೋಲು. ನಾನು ಅವರ ಮುಖ ನೋಡಿದೆ. “ವಾಲಿ ಎಷ್ಟು ವಾದಿಸಿದರೂ ಬಾಣ ಎದೆಯಲ್ಲೇ ಇರುತ್ತದೆ. ಹಾಗೆಂದು ವಾಲಿಯ ಅರ್ಥ ಹೇಳದೆ ಬಿಡುತ್ತೇವಾ?” ಎಂದು ನಕ್ಕು, ಕೊಡಲಿ ಎತ್ತಿಕೊಂಡರು. ಎಲ್ಲಿ ನಿಲ್ಲಬೇಕೆಂದು ಸಾಫ್ಟ್‌ವೇರ್ ಹುಡುಗನನ್ನು ಕೇಳಿದ್ದು ಈ ಸಲ ಅವರೇ.

ಹಾಗೆಂದು ಎಲ್ಲವೂ ಸರಿಯಾಯಿತೆಂದು ಹೇಳಲಾರೆ. ಮೇಜಿನ ನಡುವೆ ಇಂಗ್ಲಿಷಿನ ಎಕ್ಸ್ (X) ಗುರುತಿನ ಒಂದು ಕಾರ್ಡು ಇಟ್ಟಿರುತ್ತಾರೆ. ಕಥೆಯಲ್ಲಿ ಮನಸ್ಸಿಗೆ ಕಷ್ಟವಾಗುವ ವಿಷಯ ಬಂದರೆ ಯಾರು ಬೇಕಾದರೂ ಅದನ್ನು ಮುಟ್ಟಿ, ಕಾರಣ ಹೇಳದೆ ಆ ಭಾಗವನ್ನು ಬಿಡಿಸಬಹುದು. ಮೂರು ವಾರವೂ ಅದು ಏನೆಂದು ಯಾರೂ ವಿವರಿಸಲಿಲ್ಲ, ಹಿರಿಯರು ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದರು. ಮೊದಲಿನ ಇಪ್ಪತ್ತು ನಿಮಿಷದ ಮಾತುಕತೆಯೂ ಡಿಎಂನ ಒಳ್ಳೆಯತನದಿಂದ ನಡೆದದ್ದೇ ಹೊರತು ಕೆಫೆಯ ಪದ್ಧತಿಯಾಗಿಲ್ಲ. ಅವನು ರಜೆ ಹಾಕಿದ ವಾರ ಬೇರೆಯವರು ಏನು ಮಾಡುತ್ತಾರೋ ಎಂಬ ಅನುಮಾನ ನನಗಿದೆ. ಅರ್ಜಿಯಲ್ಲಿ ಈಗಲೂ ಅದೇ ನಾಲ್ಕು ಪ್ರಶ್ನೆಗಳಿವೆ.

ಹೋಗುವವರು ಕುರ್ಚಿ ಕಾದಿರಿಸುವಾಗಲೇ ತಮಗೆ ಯಾವ ರೀತಿಯ ಆಟ ಇಷ್ಟವೆಂದು ಫೋನಿನಲ್ಲಿ ತಿಳಿಸಿ, ತಯಾರಾದ ಪಾತ್ರಗಳಲ್ಲಿ ಒಂದನ್ನು ತಾವೇ ಆರಿಸಿಕೊಳ್ಳುತ್ತೇವೆಂದು ಪಟ್ಟು ಹಿಡಿಯುವುದು ಒಳ್ಳೆಯದು, ಕೇಳಿದರೆ ಇಲ್ಲವೆನ್ನುವುದಿಲ್ಲ. ಉಡುಪಿ, ಮಣಿಪಾಲದ ಕಡೆಯವರು ಏಳು ಗಂಟೆಗೆ ಏಳಬೇಕೆಂದು ಮೊದಲೇ ಹೇಳಿಡಲಿ, ಏಕೆಂದರೆ ಕೊನೆಯ ಯುದ್ಧ ಏಳೂವರೆ ದಾಟುತ್ತದೆ. ಮಹಡಿಯ ಮೆಟ್ಟಿಲು ಮರದ್ದು, ಕಡಿದಾಗಿದೆ, ಮಳೆಯಲ್ಲಿ ಜಾರುತ್ತದೆ.