ಸಹಿ ಹಾಕುವ ಮುಂಚೆ ಹೋಗಬೇಕಾದ ಕಚೇರಿ: ಉಚಿತ ಕಾನೂನು ಸೇವೆ ನಾನು ಕಂಡಂತೆ

ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಅಂತ ಒಂದು ಕಚೇರಿ ಇರುತ್ತದೆ. ಅದರ ಕೆಲಸಕ್ಕೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಹಿಡಿದಿಟ್ಟುಕೊಂಡೆ ಅನ್ನುವುದನ್ನೂ ಹೇಳುತ್ತೇನೆ. ನಾನು ವಕೀಲಳಲ್ಲ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಝೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟಿದ್ದೇನೆ. ಯಾವ ಊರು ಅಂತ ಬರೆಯುವುದಿಲ್ಲ. ಬರೆದರೆ ಕೆಳಗೆ ಹೇಳುವ ಅಕ್ಕ ಯಾರು ಅಂತ ನಮ್ಮ ಕಡೆಯವರಿಗೆ ಗೊತ್ತಾಗಿಬಿಡುತ್ತದೆ.

ನನ್ನ ಅಂಗಡಿಗೆ ದಿನವೂ ಬರುವುದು ಕಾಗದವೇ. ಉತಾರ (ಜಮೀನಿನ ಪಹಣಿ), ವಂಶಾವಳಿ, ಮರಣ ಪ್ರಮಾಣಪತ್ರ, ಬ್ಯಾಂಕಿನ ನೋಟಿಸು, ಕೋರ್ಟಿನ ಸಮನ್ಸು. ಝೆರಾಕ್ಸ್ ಮಾಡಿಸಲು ಬಂದ ಎಷ್ಟೋ ಜನರಿಗೆ ತಮ್ಮ ಕೈಯಲ್ಲಿರುವ ಕಾಗದ ಏನು ಹೇಳುತ್ತದೆ ಅಂತ ಗೊತ್ತಿರುವುದಿಲ್ಲ. ಓದಲು ಬರುವವರಿಗೂ ಅಷ್ಟೇ. ಅಕ್ಷರ ಓದುತ್ತಾರೆ, ಅರ್ಥ ಸಿಗುವುದಿಲ್ಲ.

ಈ ಅಕ್ಕ ಬಂದದ್ದು ನಾಗರ ಪಂಚಮಿ ಸಮಯದಲ್ಲಿ. ಹಬ್ಬಕ್ಕೆ ತವರಿಗೆ ಬಂದಿದ್ದರು. ಅಣ್ಣಂದಿರು ಆಧಾರ್ ಕಾರ್ಡಿನ ಪ್ರತಿ, ಫೋಟೊ ತರಲು ಕಳಿಸಿದ್ದರು. ಜೊತೆಗೆ ಟೈಪ್ ಮಾಡಿದ ಒಂದು ಕಾಗದ.

"ತಂಗಿ, ಇದರಾಗ ಏನ ಬರದಾರ, ಚೂರು ಓದಿ ಹೇಳವಾ. ವಾರಸಾ ಮಾಡ್ಸಾಕ ಬೇಕು ಅಂದಾರ."

ಓದಿದೆ. ಅದು ವಾರಸಾ ಅರ್ಜಿ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಅರ್ಜಿ, ಆಗಿರಲಿಲ್ಲ. ಹಕ್ಕು ಬಿಡುಗಡೆ ಪತ್ರ. ಅರಿಷಿಣ ಕುಂಕುಮದ ಬಾಬ್ತು ಅಂತ ಇಷ್ಟು ದುಡ್ಡು ಮುಟ್ಟಿದೆ, ತಂದೆಯ ಜಮೀನಿನಲ್ಲಿ ನನ್ನ ಯಾವ ಹಕ್ಕೂ ಉಳಿದಿಲ್ಲ, ನನ್ನ ಸ್ವಂತ ಇಚ್ಛೆಯಿಂದ ಬರೆದುಕೊಟ್ಟಿದ್ದೇನೆ ಅಂತ ಇತ್ತು. ದುಡ್ಡು ಬಂದಿದೆಯಾ ಅಂತ ಕೇಳಿದೆ. ಯಾವ ದುಡ್ಡು ಅಂದರು.

ಕಾನೂನು ಸೇವಾ ಸಮಿತಿಗೆ ಹೋಗಿ ಕೇಳೋಣ ಅಂದೆ. ಅವರ ಮುಖ ಬಾಡಿತು. "ಕೋರ್ಟಿನ ಮೆಟ್ಟಲಾ ಹತ್ತಿದ್ರ ತವರಮನಿ ಬಾಗಲಾ ಮುಚ್ಚಿದಂಗ ಅಲ್ಲೇನವಾ?" ಈ ಭಯ ನಮ್ಮ ಕಡೆ ತುಂಬಾ ದೊಡ್ಡದು. ವರ್ಷಕ್ಕೊಮ್ಮೆ ಪಂಚಮಿಗೆ ಕರೆಯುವವರು ಕರೆಯದೇ ಹೋದರೆ ಅನ್ನುವ ಭಯಕ್ಕೆ ಎಷ್ಟು ಎಕರೆ ಹೋಗಿದೆಯೋ. ಸುಮ್ನೆ ಕೇಳಿ ಬರೋಣ, ಕೇಸು ಹಾಕುವುದು ಬೇಡ ಅಂತ ಒಪ್ಪಿಸಿ, ಅಂಗಡಿಯನ್ನು ಮಗನಿಗೆ ಬಿಟ್ಟು ಜೊತೆಗೆ ಹೋದೆ.

ಅಲ್ಲಿ ಆ ದಿನ ಇದ್ದವರು ಒಬ್ಬ ಪ್ಯಾನೆಲ್ ವಕೀಲೆ, ಅಂದರೆ ಉಚಿತ ನೆರವಿಗೆ ಅಂತ ಸಮಿತಿಯ ಪಟ್ಟಿಯಲ್ಲಿರುವ ವಕೀಲೆ. ನನ್ನ ನಾಲ್ಕು ಅಂಕದಲ್ಲಿ ಹೆಚ್ಚಿನ ಪಾಲು ಅವರದು. ಅವರು ಮೊದಲು ಆ ಕಾಗದವನ್ನು ಜೋರಾಗಿ ಓದಿದರು. ಒಂದೊಂದು ಸಾಲು ಓದಿ, ನಿಲ್ಲಿಸಿ, "ಇದರ ಅರ್ಥ ಏನಂತ ತಿಳ್ಕೊಂಡ್ರಿ, ಹೇಳ್ರಿ" ಅಂತ ಕೇಳಿದರು. ಅಕ್ಕ ಹೇಳಿದ್ದು ತಪ್ಪಿದ್ದರೆ ಮತ್ತೆ ವಿವರಿಸಿದರು. ಸಹಿ ಮಾಡಬೇಡಿ ಅಂತ ಅವರು ಒಮ್ಮೆಯೂ ಹೇಳಲಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಇದು ರಿಜಿಸ್ಟರ್ ಆದರೆ ಏನಾಗುತ್ತದೆ, ಆಮೇಲೆ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ, ಸಹಿ ಮಾಡದಿದ್ದರೆ ಏನಾಗುತ್ತದೆ, ಮೂರನ್ನೂ ಹೇಳಿದರು. "ಮನಸ್ಸಾರೆ ಅಣ್ಣಗೋಳಿಗೆ ಕೊಡಬೇಕು ಅಂತಿದ್ರ ಕೊಡ್ರಿ. ಆದ್ರ ಏನ ಕೊಡಾಕತ್ತೀನಿ ಅಂತ ಗೊತ್ತಿರಲಿ" ಅಂದರು.

ಅಣ್ಣಂದಿರು ಅಕ್ಕನ ತಲೆಯಲ್ಲಿ ಒಂದು ಮಾತು ತುಂಬಿದ್ದರು. ಅಪ್ಪ 2005ಕ್ಕಿಂತ ಮುಂಚೆ ತೀರಿಹೋಗಿದ್ದಾನೆ, ನಿನ್ನ ಮದುವೆಯೂ ಬಹಳ ಹಿಂದೆ ಆಗಿದೆ, ನಿನಗೆ ಪಾಲೇ ಇಲ್ಲ ಅಂತ. ಇದು ಪೂರ್ತಿ ಕಟ್ಟುಕತೆ ಅಂತ ನಾನು ಅಂದುಕೊಂಡಿದ್ದೆ. ವಕೀಲೆ ಇದರ ಬೇರು ಹೇಳಿದರು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಪಾಲು ಕೊಡುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2015ರಲ್ಲಿ ಸುಪ್ರೀಂ ಕೋರ್ಟು, ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕು ಅಂದಿತು. ಆ ಕೇಸು ನಮ್ಮ ಕರ್ನಾಟಕದಿಂದಲೇ ಹೋದದ್ದು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆ ಆ ದಿನ ಬದುಕಿರಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ ಆಗಿಯೋ ಕೋರ್ಟಿನಿಂದಲೋ ವಾಟ್ನಿ (ಆಸ್ತಿ ಪಾಲು) ಆಗಿದ್ದರೆ ಅದನ್ನು ಮಾತ್ರ ಅಲ್ಲಾಡಿಸುವಂತಿಲ್ಲ. ಅಕ್ಕನ ಮನೆಯಲ್ಲಿ ವಾಟ್ನಿಯೇ ಆಗಿರಲಿಲ್ಲ. ಉತಾರದಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು.

ಅಂದರೆ ಅಣ್ಣಂದಿರು ಹಳೇ ಕಾನೂನನ್ನು ಹಿಡಿದುಕೊಂಡು ಮಾತಾಡುತ್ತಿದ್ದರು. ಯಾರೋ ಬಲ್ಲವರು ಅವರಿಗೆ ಹೇಳಿದ್ದಿರಬೇಕು. ಊರಲ್ಲಿ ಕಾನೂನು ಹೀಗೇ ಹರಡುತ್ತದೆ, ಅರ್ಧ ಹಳೆಯದು, ಅರ್ಧ ಬಾಯಿಮಾತು. ಹೊಸದು ಹೆಣ್ಣುಮಕ್ಕಳ ಕಿವಿಗೆ ಎಲ್ಲರಿಗಿಂತ ಕೊನೆಗೆ ಬೀಳುತ್ತದೆ.

ಆ ಅಕ್ಕ ಕೇಸು ಹಾಕಲಿಲ್ಲ. ಕೇಸು ಹಾಕದೆಯೂ ಅರ್ಜಿ ಕೊಡಬಹುದು ಅಂತ ನನಗೆ ಅವತ್ತೇ ಗೊತ್ತಾದದ್ದು. ವ್ಯಾಜ್ಯಪೂರ್ವ ಪ್ರಕರಣ ಅನ್ನುತ್ತಾರೆ. ಸಮಿತಿಯವರೇ ಅಣ್ಣಂದಿರಿಗೆ ನೋಟಿಸು ಕಳಿಸಿದರು. ಮೊದಲ ಸಲ ದೊಡ್ಡಣ್ಣ ಬರಲಿಲ್ಲ. ಆಮೇಲೆ ಬಂದರು, ಸಿಟ್ಟಿನಿಂದಲೇ ಬಂದರು. ಕೊನೆಗೆ ಲೋಕ ಅದಾಲತ್ತಿನಲ್ಲಿ ಕೂತು ಒಪ್ಪಂದ ಆಯಿತು. ಅಕ್ಕನಿಗೆ ಒಂದು ಎಕರೆ ಸಿಕ್ಕಿತು. ಮನೆಯಲ್ಲಿ ಪಾಲು ಬೇಡ ಅಂತ ಅವರೇ ಬಿಟ್ಟರು. ಪೂರ್ತಿ ಪಾಲು ಅದಕ್ಕಿಂತ ಜಾಸ್ತಿ ಆಗುತ್ತಿತ್ತು ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಒಪ್ಪಿದರು. ನನಗೆ ಸಮಾಧಾನ ಕೊಟ್ಟದ್ದು ಅದೇ. ಲೋಕ ಅದಾಲತ್ತಿನ ಅವಾರ್ಡಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಒಪ್ಪುವ ಮುಂಚೆ ಚೆನ್ನಾಗಿ ಯೋಚಿಸಿ ಅಂತ ಅಲ್ಲಿ ಕೂತಿದ್ದ ನ್ಯಾಯಾಧೀಶರೇ ಹೇಳಿದರು.

ಖರ್ಚು? ಏನೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕೆಲಸಗಾರರಿಗೆ, ಜೈಲಿನಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಬಡವರಿಗೆ ಮಾತ್ರ ಅಂತ ತಿಳಿದು ಎಷ್ಟೋ ಹೆಣ್ಣುಮಕ್ಕಳು ಆ ಕಡೆ ಹೋಗುವುದೇ ಇಲ್ಲ. ಬಿಪಿಎಲ್ ಕಾರ್ಡು ಬೇಕೇನ್ರಿ ಅಂತ ನನ್ನನ್ನೂ ಕೇಳುತ್ತಾರೆ. ಹೆಣ್ಣುಮಕ್ಕಳಿಗೆ ಬೇಡ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೂ ನಡೆಯುತ್ತದೆ. ಪ್ಯಾನೆಲ್ ವಕೀಲರಿಗೆ ಫೀ ಕೊಡುವುದು ಪ್ರಾಧಿಕಾರ. ಅವರು ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಫೋನಿನಲ್ಲಿ ಕೇಳಬೇಕಾದರೆ 15100.

ಇನ್ನು ಆ ಒಂದು ಅಂಕದ ಮಾತು.

ಕಾನೂನು ಅರಿವು ಕಾರ್ಯಕ್ರಮ ಅಂತ ಹಳ್ಳಿಗಳಲ್ಲಿ ಮಾಡುತ್ತಾರಲ್ವಾ, ಅಂಥದ್ದೊಂದಕ್ಕೆ ನಾನೂ ಹೋಗಿದ್ದೆ. ಶಾಮಿಯಾನ, ಸ್ವಾಗತ, ಹಾರ, ಸನ್ಮಾನ. ಮಾತಾಡಲು ಬಂದವರು ಕಲಂ ಸಂಖ್ಯೆಗಳನ್ನು ಓದಿದರು. ಹೆಂಗಸರು ಹಿಂದೆ ಕೂತಿದ್ದರು. ಪ್ರಶ್ನೆ ಕೇಳಲು ಸಮಯ ಕೊಟ್ಟಾಗ ಊರಿನ ಗಂಡಸರೆಲ್ಲ ಎದುರಿಗಿದ್ದರು. ಆ ಜಾಗದಲ್ಲಿ ಯಾವ ಹೆಣ್ಣುಮಗಳು ಎದ್ದು ನಿಂತು ನನ್ನ ಅಣ್ಣ ಪಾಲು ಕೊಡುತ್ತಿಲ್ಲ ಅಂತ ಹೇಳುತ್ತಾಳೆ? ಕರಪತ್ರ ಹಂಚಿದರು, ಊಟ ಆಯಿತು, ಫೋಟೊ ಆಯಿತು. ನನಗೆ ನಿಜವಾಗಿ ಬೇಜಾರಾಯಿತು. ಅಷ್ಟು ಜನ ಸೇರಿದ್ದರು, ಅಷ್ಟು ಹೊತ್ತು ಕೂತಿದ್ದರು.

ಅದೇ ಕೆಲಸವನ್ನು ಒಬ್ಬ ಅರೆ ಕಾನೂನು ಸ್ವಯಂಸೇವಕಿ (ವಕೀಲೆಯಲ್ಲ, ಕಾನೂನು ಸೇವೆಗೆ ತರಬೇತಿ ಪಡೆದವರು) ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಮಾಡಿದ್ದನ್ನು ನೋಡಿದ್ದೇನೆ. ಭಾಷಣ ಮಾಡಲಿಲ್ಲ. ಎಲ್ಲರ ಕೈಗೂ ಒಂದು ಉತಾರದ ಝೆರಾಕ್ಸ್ ಕೊಟ್ಟರು. 9ನೇ ಕಾಲಂ ನೋಡ್ರಿ, ಜಮೀನು ಯಾರ ಹೆಸರಲ್ಲಿದೆ? 10ರಲ್ಲಿ ಅದು ಅವರಿಗೆ ಹೇಗೆ ಬಂತು ಅಂತ ಇದೆ. 11ರಲ್ಲಿ ಸಾಲ, ಬೋಜಾ ಅಂದರೆ ಜಮೀನಿನ ಮೇಲಿನ ಹೊರೆ. ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರಾ ಅಂತ ನೋಡುವುದು ಹೇಗೆ, ಬಿಟ್ಟಿದ್ದರೆ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಡುವುದು ಹೇಗೆ. ಹೆಂಗಸರು ಮರುದಿನವೇ ತಮ್ಮ ತಮ್ಮ ಮನೆಯ ಉತಾರ ಹಿಡಿದು ನನ್ನ ಅಂಗಡಿಗೆ ಬಂದರು. ಇದಕ್ಕೆ ಶಾಮಿಯಾನ ಬೇಕಿರಲಿಲ್ಲ.

ಇನ್ನೊಂದು ಕೊರತೆ ವೇಳೆಯದು. ಕಚೇರಿ ನಡೆಯುವುದು ಕೋರ್ಟಿನ ಹೊತ್ತಿನಲ್ಲಿ. ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಂಗಸಿಗೆ ಅಲ್ಲಿಗೆ ಬಂದರೆ ಆ ದಿನದ ಕೂಲಿ ಹೋಯಿತು. ಬಂದ ದಿನ ವಕೀಲರು ಬೇರೆ ಕೋರ್ಟ್ ಹಾಲಿನಲ್ಲಿದ್ದರೆ ಮತ್ತೊಂದು ದಿನದ ಕೂಲಿ. ಮತ್ತೆ, ಅಲ್ಲಿ ಮಾತಾಡಲು ಮರೆ ಇಲ್ಲ. ಅಕ್ಕ ತನ್ನ ಮನೆ ವಿಷಯ ಹೇಳುವಾಗ ಪಕ್ಕದ ಬೆಂಚಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಗಂಡ ಹೊಡೆಯುತ್ತಾನೆ ಅಂತ ಹೇಳಲು ಬಂದವಳು ಅಲ್ಲಿ ಬಾಯಿ ಬಿಡುತ್ತಾಳಾ?

ನನಗೆ ಕೊಡುವ ಅಧಿಕಾರ ಇದ್ದಿದ್ದರೆ ಸಂತೆಯ ದಿನ ಪಂಚಾಯಿತಿ ಕಟ್ಟಡದ ಒಂದು ಕೋಣೆ ಕೊಡುತ್ತಿದ್ದೆ. ಹಳ್ಳಿಯವರು ಹೇಗೂ ಬಂದಿರುತ್ತಾರೆ. ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಇದೆ. ಲಾ ಕಾಲೇಜುಗಳು ಕಾನೂನು ನೆರವು ಕೇಂದ್ರ ನಡೆಸಲೇಬೇಕು ಅಂತ ನಿಯಮವೂ ಇದೆ. ಆ ಹುಡುಗ ಹುಡುಗಿಯರು ಒಬ್ಬ ವಕೀಲರ ಜೊತೆ ಬಂದು ಕೂತು, ಜನ ತಂದ ಕಾಗದ ಓದಿ ಅರ್ಥ ಹೇಳಿದರೆ ಸಾಕು. ಅರ್ಧ ಕೇಸುಗಳು ಹುಟ್ಟುವುದೇ ಇಲ್ಲ.

ಹೋಗುವವರಿಗೆ ಒಂದು ಮಾತು. ರಾಷ್ಟ್ರೀಯ ಲೋಕ ಅದಾಲತ್ತಿನ ದಿನವೇ ನೇರವಾಗಿ ಹೋಗಿ ನಿಂತರೆ ಕೆಲಸ ಆಗುವುದಿಲ್ಲ. ಎದುರಿನವರಿಗೆ ನೋಟಿಸು ಹೋಗಬೇಕು, ಮಾತುಕತೆ ನಡೆಯಬೇಕು. ಕೆಲವು ವಾರ ಮುಂಚೆಯೇ ಅರ್ಜಿ ಕೊಡಿ. ಉತಾರ, ಆಧಾರ್, ನಿಮಗೆ ಬಂದಿರುವ ನೋಟಿಸು ಅಥವಾ ಸಹಿ ಕೇಳಿದ ಕಾಗದ ಇದ್ದರೆ ಅದರ ಪ್ರತಿ ತೆಗೆದುಕೊಂಡು ಹೋಗಿ. ಕಾಗದ ಕೈಯಲ್ಲಿಲ್ಲದಿದ್ದರೆ ಮೊಬೈಲಿನಲ್ಲಿ ಅದರ ಫೋಟೊ ಇದ್ದರೂ ಓದಿ ಹೇಳುತ್ತಾರೆ.