ಪಸ್ಕದ ಪೆಟ್ಟಿಗೆ: ರೊಟ್ಟಿ ಇರಲಿ, ಉಳಿದದ್ದು ಬೀದರ್ ಬಜಾರಿನಲ್ಲೇ ಇದೆ

‘ಹತ್ತು ಮಂದಿಗೆ ಪಸ್ಕ ಭೋಜನ’ ಎಂದು ಹೆಸರಿಟ್ಟು ಆನ್‌ಲೈನಿನಲ್ಲಿ ಮಾರುವ ಪೆಟ್ಟಿಗೆ ಇದು. ಪಸ್ಕವೆಂದರೆ ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದ ರಾತ್ರಿಯನ್ನು ನೆನೆಯುವ ಯೆಹೂದ್ಯರ ಹಬ್ಬ. ಯೇಸುವಿನ ಕಡೆಯ ಊಟವನ್ನು ನೆನೆಯುವ ಪವಿತ್ರ ಗುರುವಾರದ ಸಂಜೆಗೆ ತರಿಸಬೇಕೋ ಬೇಡವೋ ಎಂದು ಕೇಳಿದರೆ, ರೊಟ್ಟಿಯ ಪ್ಯಾಕೆಟ್ ಬಿಡಿಯಾಗಿ ಸಿಕ್ಕರೆ ತರಿಸಿ, ಇಡೀ ಪೆಟ್ಟಿಗೆ ಬೇಡ. ಒಳಗೆ ಮಾಟ್ಜಾ ಎಂಬ ಹುಳಿಯಿಲ್ಲದ ರೊಟ್ಟಿಯ ಹತ್ತು ಹಾಳೆ, ಒಂದು ಸಣ್ಣ ಬಾಟಲಿ ಖಾರದ ಬೇರಿನ (ಹಾರ್ಸ್‌ರ್ಯಾಡಿಶ್) ಚಟ್ನಿ, ಸೇಬು ಮತ್ತು ಆಕ್ರೋಟಿನ ಸಿಹಿ ಮಿಶ್ರಣ, 750 ಮಿ.ಲೀ. ದ್ರಾಕ್ಷಿರಸ, ಆರು ಗುಳಿಗಳ ರಟ್ಟಿನ ತಟ್ಟೆ, ಮೂಳೆಯ ಚಿತ್ರವಿರುವ ಒಂದು ಕಾರ್ಡು, ಜೊತೆಗೆ ಕನ್ನಡ ಕರಪತ್ರ ಇವೆ.

ಬೈಬಲಿನ ವಿಮೋಚನಕಾಂಡ 12ನೇ ಅಧ್ಯಾಯದ ಅಡುಗೆ ಪಟ್ಟಿ ಇದಕ್ಕಿಂತ ಬಹಳ ಚಿಕ್ಕದು. ಬೆಂಕಿಯಲ್ಲಿ ಸುಟ್ಟ ಮರಿ, ಹುಳಿಯಿಲ್ಲದ ರೊಟ್ಟಿ, ಕಹಿಯಾದ ಪಲ್ಯ, ಅಷ್ಟೇ. ನಾಲ್ಕು ಬಟ್ಟಲು ದ್ರಾಕ್ಷಾರಸ, ಆರು ಗುಳಿಗಳ ತಟ್ಟೆ, ಸಿಹಿ ಮಿಶ್ರಣ ಇವೆಲ್ಲ ಮುಂದೆ ಯೆಹೂದ್ಯರ ಮನೆಗಳಲ್ಲಿ ಬೆಳೆದ ಪದ್ಧತಿ. ಅದು ಈಗಿನ ರೂಪಕ್ಕೆ ಬಂದದ್ದು ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ. ಪೆಟ್ಟಿಗೆ ಕೊಡುವುದು ಆ ಮನೆಗಳ ಮೇಜನ್ನು. ಕ್ರೈಸ್ತ ಸಭೆಗೆ ಬೇಕಾದದ್ದು ವಿಮೋಚನಕಾಂಡದ ಆ ಮೂರು ಸಾಮಾನು, ಮತ್ತು ಆ ಮೂರರಲ್ಲಿ ಒಂದು ಈಗ ಮೇಜಿನ ಮೇಲೆ ಯಾಕಿಲ್ಲ ಎಂಬ ಮಾತು. ಸಾಮಾನನ್ನು ಒಂದೊಂದಾಗಿ ನೋಡಿದ್ದು ಈ ಲೆಕ್ಕದಲ್ಲೇ.

ಮೊದಲು ರೊಟ್ಟಿ, ಪೆಟ್ಟಿಗೆಯಲ್ಲಿ ಒಳ್ಳೆಯದು ಅದೊಂದೇ. ಹಾಳೆ ತೆಳ್ಳಗಿದೆ, ಉಪ್ಪಿಲ್ಲ, ಎಣ್ಣೆಯಿಲ್ಲ. ಎರಡೂ ಕೈಯಲ್ಲಿ ಹಿಡಿದು ಮುರಿದರೆ ಟಕ್ ಎಂದು ಸದ್ದಾಗುತ್ತದೆ, ಹಿಂದಿನ ಬೆಂಚಿನವರಿಗೂ ಕೇಳುವಷ್ಟು. ‘ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರಮಾಡಿ ಮುರಿದು’ ಎಂದು ಓದುವಾಗ ಆ ಸದ್ದು ಬೇಕು. ಸಭೆಗಳಲ್ಲಿ ಬಳಸುವ ಕಾಸಿನಗಲದ ಬಿಳಿ ಬಿಲ್ಲೆಗೆ ಅದು ಬರುವುದಿಲ್ಲ, ನಾಲಗೆಗೆ ಅಂಟಿ ಕರಗಿಹೋಗುತ್ತದೆ. ಪೆಟ್ಟಿಗೆಯ ತೊಂದರೆ ಸಾಗಣೆಯಲ್ಲಿದೆ. ಹಾಳೆಗಳ ನಡುವೆ ಮೆತ್ತನೆಯದೇನೂ ಇಟ್ಟಿಲ್ಲವಾದ್ದರಿಂದ ಹತ್ತರಲ್ಲಿ ನಾಲ್ಕು ಚೂರಾಗಿ ಬರುತ್ತವೆ. ಹಂಚಲಿಕ್ಕೆ ಚೂರೂ ನಡೆಯುತ್ತದೆ, ಸಭೆಯ ಮುಂದೆ ಮುರಿಯಲಿಕ್ಕೆ ಒಂದಾದರೂ ಇಡಿಯಾಗಿರಬೇಕು.

ಹಾಳೆಯ ಮೇಲಿನ ತೂತು, ಗೆರೆಗಳ ಬಗ್ಗೆ ಕರಪತ್ರ ಒಂದು ಪುಟ ಬರೆದಿದೆ. ತೂತು ಮೊಳೆಯ ಗಾಯವಂತೆ, ಗೆರೆ ಯೆಶಾಯ 53ರ ಬಾಸುಂಡೆಯಂತೆ. ಹಾಗೆ ಧ್ಯಾನಿಸುವವರಿಗೆ ಅಡ್ಡಿಯಿಲ್ಲ. ಆದರೆ ‘ಮೋಶೆಯ ಕಾಲದಿಂದ ಹೀಗೇ ಮಾಡುತ್ತಾರೆ’ ಎಂಬ ಸಾಲು ತಪ್ಪು. ತೂತು ಹಾಕುವುದು ಹಿಟ್ಟು ಉಬ್ಬದಿರಲಿ ಎಂದು. ಅಷ್ಟು ನೇರವಾದ ಗೆರೆ ಬರುವುದು ಯಂತ್ರದ ಹಲ್ಲು ಸಾಲಾಗಿ ಚುಚ್ಚುವುದರಿಂದ. ಮಾಟ್ಜಾ ಯಂತ್ರ ಬಂದದ್ದು 1838ರಲ್ಲಿ, ಫ್ರಾನ್ಸಿನಲ್ಲಿ.

ಇದನ್ನು ಮನೆಯಲ್ಲೇ ಮಾಡಬಹುದು. ಯೆಹೂದ್ಯರ ಲೆಕ್ಕದಲ್ಲಿ ಹಿಟ್ಟಿಗೆ ನೀರು ಬಿದ್ದ ಕ್ಷಣದಿಂದ 18 ನಿಮಿಷದೊಳಗೆ ರೊಟ್ಟಿ ಬೇಯಬೇಕು, ದಾಟಿದರೆ ಹುಳಿ ಹಿಡಿಯಿತೆಂದು ಅರ್ಥ. ಏಪ್ರಿಲಿನ ಬೀದರ್ ಸೆಕೆಯಲ್ಲಿ ಹಿಟ್ಟು ಎಷ್ಟು ಬೇಗ ಹುಳಿಯಾಗುತ್ತದೆಂದು ಬಲ್ಲವರಿಗೆ ಈ ಅವಸರ ಬಿಡಿಸಿ ಹೇಳಬೇಕಿಲ್ಲ. 250 ಗ್ರಾಂ ಗೋಧಿ ಹಿಟ್ಟಿಗೆ ಸುಮಾರು 130 ಮಿ.ಲೀ. ತಣ್ಣೀರು ಸಾಕು, ಆದರೆ ಅರ್ಧರ್ಧವಾಗಿ ಎರಡು ಸಲಕ್ಕೆ ಕಲಸಿ. ಕಣಕವನ್ನು ನೆನೆಯಲಿಕ್ಕೆ ಬಿಡಬೇಡಿ, ಚಪಾತಿಯ ರೂಢಿ ಇಲ್ಲಿ ಕೈಕೊಡುತ್ತದೆ. ಸಲಕ್ಕೆ ನಾಲ್ಕು ಉಂಡೆ ಮಾಡಿ, ಬೆಳಕಿಗೆ ಹಿಡಿದರೆ ಮಸುಕಾಗಿ ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಫೋರ್ಕಿನಿಂದ ಬೆರಳಗಲಕ್ಕೊಂದರಂತೆ ಚುಚ್ಚಿ. ಚೆನ್ನಾಗಿ ಕಾದ ಹಂಚಿನ ಮೇಲೆ ಎರಡೂ ಬದಿ ಬೇಯಿಸಿ, ಆಮೇಲೆ ಉರಿ ಇಳಿಸಿ ಬಟ್ಟೆಯಿಂದ ಒತ್ತುತ್ತ ಖಡಕ್ ಆಗುವವರೆಗೆ ಬಿಡಿ. ಚುಚ್ಚುವುದನ್ನು ಮರೆತರೆ ಪುಲ್ಕಾದಂತೆ ಉಬ್ಬುತ್ತದೆ. ಬಿಸಿಯಿರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಆವಿ ಹಿಡಿದು ಮೆತ್ತಗಾಗುತ್ತದೆ. ಎಣ್ಣೆ ಹಚ್ಚಿದಿರೋ, ಅದು ಚಪಾತಿ. ಒಬ್ಬರು ನಾದಿ ಲಟ್ಟಿಸಿ, ಇನ್ನೊಬ್ಬರು ಬೇಯಿಸಿದರೆ 18 ನಿಮಿಷದಲ್ಲಿ ನಾಲ್ಕು ಆಗುತ್ತವೆ. ಆದ್ದರಿಂದ ಅರ್ಧ ಹಿಟ್ಟನ್ನು ಒಣಗಿಯೇ ಬದಿಗಿಟ್ಟು ಎರಡನೇ ಸಲಕ್ಕೆ ನೀರು ಹಾಕಿ.

ಜೋಳದ ಖಡಕ್ ರೊಟ್ಟಿ ಮನೆಯಲ್ಲೇ ಇರುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ನಮ್ಮ ಭಾಗದಲ್ಲಿ ಬಂದೇ ಬರುತ್ತದೆ. ನೋಡಲಿಕ್ಕೆ ಎರಡೂ ಅಣ್ಣತಮ್ಮಂದಿರೇ. ಆದರೆ ಮಾಟ್ಜಾದ ನಿಯಮದಲ್ಲಿ ಹುಳಿ ಹಿಡಿಯಬಲ್ಲ ಧಾನ್ಯದಿಂದಲೇ ಹುಳಿಯಿಲ್ಲದ ರೊಟ್ಟಿ ಆಗಬೇಕು. ಗೋಧಿ, ಬಾರ್ಲಿ, ಓಟ್ಸ್ ಮುಂತಾದ ಐದೇ ಧಾನ್ಯ ಆ ಲೆಕ್ಕಕ್ಕೆ ಬರುತ್ತವೆ, ಜೋಳ ಬರುವುದಿಲ್ಲ. ಹುಳಿಗೆ ಅವಕಾಶವಿದ್ದೂ ಹುಳಿಯಾಗದಂತೆ ಕಾಯ್ದುಕೊಂಡದ್ದು ಎಂಬುದು ಇದರ ತಿರುಳು. ಪೌಲನು ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಹಳೇ ಹುಳಿಯನ್ನು ತೆಗೆದುಹಾಕಿರಿ, ನಮ್ಮ ಪಸ್ಕದ ಕುರಿ ಕ್ರಿಸ್ತನೇ ಎನ್ನುವ ಮಾತಿಗೂ ಇದೇ ನೆಲೆ. ಹುಳಿಯೆಂದರೆ ಎಲ್ಲೆಡೆ ಪಾಪವೇ ಎಂದು ಕರಪತ್ರ ಹೇಳುವುದು ಮಾತ್ರ ಅವಸರದ ಮಾತು. ಮತ್ತಾಯ 13ರಲ್ಲಿ ಪರಲೋಕ ರಾಜ್ಯವನ್ನೇ ಹುಳಿಹಿಟ್ಟಿಗೆ ಹೋಲಿಸಿದೆ. ಗೋಧಿ ಆಗದವರು ಸಭೆಯಲ್ಲಿದ್ದರೆ ಅವರಿಗೆ ಜೋಳದ ರೊಟ್ಟಿಯನ್ನೇ ಕೊಡಿ, ಮೆಥೊಡಿಸ್ಟ್ ಮನೆಯ ಮೇಜಿಗೆ ಅದರಿಂದ ಕುಂದಿಲ್ಲ. ಕಥೋಲಿಕರ ಬಲಿಪೂಜೆಯ ವಿಷಯ ಬೇರೆ. ಅಲ್ಲಿ ರೊಟ್ಟಿ ಬರೀ ಗೋಧಿಯದೇ, ಇತ್ತೀಚೆಗೆ ಮಾಡಿದ್ದೇ ಆಗಬೇಕೆಂದು ಧರ್ಮಸಭೆಯ ಕಾನೂನಿದೆ. ಪೆಟ್ಟಿಗೆಯ ಯಾವ ಸಾಮಾನೂ ಬಲಿಪೀಠಕ್ಕೆಂದು ಮಾಡಿದ್ದಲ್ಲ.

ಕೇರಳದ ತೋಮಾ ಕ್ರೈಸ್ತರು ಅದೇ ಗುರುವಾರ ಅಕ್ಕಿ, ಉದ್ದಿನ ಹಿಟ್ಟಿನಲ್ಲಿ ಹುಳಿಯಿಲ್ಲದ ಪೆಸಹಾ ಅಪ್ಪ ಮಾಡಿ, ಮನೆಯ ಹಿರಿಯರ ಕೈಯಲ್ಲಿ ಮುರಿಸಿ ತಿನ್ನುತ್ತಾರೆ. ಪೆಟ್ಟಿಗೆಯಿಲ್ಲದೆ ನಡೆದುಬಂದ ಪದ್ಧತಿ ಅದು.

ಕಹಿಗೆ ಕೊಟ್ಟಿರುವ ಬಾಟಲಿ ದಂಡ. ಯೂರೋಪಿನ ಚಳಿನಾಡಿನ ಯೆಹೂದ್ಯರಿಗೆ ವಸಂತದ ಹೊತ್ತಿಗೆ ಹಸಿ ಸೊಪ್ಪು ಸಿಗುವುದು ಕಷ್ಟವಿತ್ತು, ಹಾಗಾಗಿ ಖಾರದ ಬೇರು ಹಿಡಿದರು. ಅದು ಮೂಗಿಗೆ ಏರುತ್ತದೆ, ನಾಲಗೆಗೆ ಕಹಿಯಾಗುವುದಿಲ್ಲ. ವಿನೆಗರ್, ಸಕ್ಕರೆ ಸೇರಿಸಿದ ಬಾಟಲಿಯಂತೂ ಉಪ್ಪಿನಕಾಯಿಗೆ ಹತ್ತಿರ. ನಮಗೆ ಈ ಕಷ್ಟವಿಲ್ಲ. ಪಸ್ಕ ಬೀಳುವುದು ಹುಣ್ಣಿಮೆಗೆ, ಬಹಳಷ್ಟು ವರ್ಷ ಯುಗಾದಿಯಾದ ಎರಡು ವಾರಕ್ಕೆ. ಬೇವು ಆಗ ಹೂಬಿಟ್ಟಿರುತ್ತದೆ. ನಾಲ್ಕೈದು ಬೇವಿನ ಹೂವನ್ನು ಎರಡು ಎಲೆ ಹಸಿ ಮೆಂತ್ಯೆ ಪಲ್ಯದ ಜೊತೆ ರೊಟ್ಟಿಯ ಚೂರಿನ ಮೇಲಿಟ್ಟರೆ ಸಾಕು. ಮೆಂತ್ಯೆ ಒಂದನ್ನೇ ಇಟ್ಟರೆ ಕಹಿ ಹತ್ತುವುದಿಲ್ಲ, ಬೇವಿನ ಎಲೆ ಇಟ್ಟರೆ ಮಕ್ಕಳು ಉಗುಳುತ್ತಾರೆ. ಬೆಲ್ಲ ಮಾತ್ರ ಬೆರೆಸಬೇಡಿ. ಬೇವುಬೆಲ್ಲದಲ್ಲಿ ಸಿಹಿಕಹಿ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುತ್ತೇವೆ. ಐಗುಪ್ತದ ಕಹಿ ಒಪ್ಪಿಕೊಳ್ಳುವ ಕಹಿಯಲ್ಲ, ಬಿಟ್ಟುಬಂದ ದಾಸತ್ವದ್ದು. ಅದನ್ನು ಬೇರೆಯಾಗಿಯೇ ತಿನ್ನಬೇಕು.

ಸಿಹಿ ಮಿಶ್ರಣ ಬೇಕೇಬೇಕೆನ್ನುವವರು 200 ಗ್ರಾಂ ಖರ್ಜೂರದ ಬೀಜ ತೆಗೆದು, ಸ್ವಲ್ಪ ಬಿಸಿನೀರಿನಲ್ಲಿ ನೆನೆಸಿ ಅರೆದು, ಒಂದು ಹಿಡಿ ಆಕ್ರೋಟ್, ಚಿಟಿಕೆ ದಾಲ್ಚಿನ್ನಿ ಸೇರಿಸಿ. ಇಟ್ಟಿಗೆಯ ಕೆಸರಿನ ಬಣ್ಣ ಬರುತ್ತದೆ, ಅದರ ಅರ್ಥವೂ ಅದೇ: ಐಗುಪ್ತದಲ್ಲಿ ದಾಸರಾಗಿ ಇಟ್ಟಿಗೆ ಮಾಡಿದ ಕೆಸರು. ಆಕ್ರೋಟ್ ದುಬಾರಿಯೆಂದು ಶೇಂಗಾ ಹಾಕಿದರೆ ಉಂಡಿಯ ರುಚಿ ಬಂದು ಎಲ್ಲರೂ ಇನ್ನಷ್ಟು ಕೇಳುತ್ತಾರೆ!

ದ್ರಾಕ್ಷಿರಸ 750 ಮಿ.ಲೀ. ಎಂದರೆ ಲೆಕ್ಕ ತಪ್ಪಿದೆ. ಕರಪತ್ರ ಹೇಳುವಂತೆ ಹತ್ತು ಮಂದಿ ನಾಲ್ಕು ಬಟ್ಟಲು ಕುಡಿಯುವುದಾದರೆ, ತಲಾ 30 ಮಿ.ಲೀ.ಯಂತೆ 1,200 ಬೇಕು. ಊಟವಾದ ಮೇಲಿನ ಒಂದೇ ಬಟ್ಟಲಿಗೆ, ಅಂದರೆ ಲೂಕ 22:20ರ ಹೊಸ ಒಡಂಬಡಿಕೆಯ ಬಟ್ಟಲಿಗೆ, ಧಾರಾಳವಾಗಿ ಸಾಕು. ನಮ್ಮ ಸಲಹೆಯೂ ಆ ಒಂದಕ್ಕೇ. ಮೆಥೊಡಿಸ್ಟ್ ಸಭೆಗಳಲ್ಲಿ ಮದ್ಯದ ಬದಲು ರಸ ಬಂದದ್ದಕ್ಕೂ ಒಂದು ವರ್ಷ ಹೇಳಬಹುದು. ಅಮೆರಿಕದ ಮೆಥೊಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ರಸವನ್ನು ಬಾಟಲಿ ಸಮೇತ ಕಾಯಿಸಿ ಹುದುಗದಂತೆ ಇಡುವುದನ್ನು ಸಾಧಿಸಿದ. ಮನೆಯಲ್ಲಾದರೆ ಒಂದೂವರೆ ಕಿಲೋ ಕಪ್ಪು ದ್ರಾಕ್ಷಿ ಹಿಚುಕಿ, ಕುದಿ ಬರುವ ಮುನ್ನ ಉರಿ ಇಳಿಸಿ, ಹದಿನೈದು ನಿಮಿಷ ಬಿಸಿಯಲ್ಲೇ ಇಟ್ಟು ಸೋಸಿ, ಬಿಸಿನೀರಿನಲ್ಲಿ ತೊಳೆದ ಬಾಟಲಿಗೆ ಬಿಸಿಯಿರುವಾಗಲೇ ತುಂಬಿ. ಕಾಯಿಸದೆ ಇಟ್ಟರೆ ಸಿಪ್ಪೆಯ ಮೇಲಿನ ಯೀಸ್ಟು ಈ ಸೆಕೆಯಲ್ಲಿ ಒಂದೆರಡು ದಿನಕ್ಕೇ ಕೆಲಸ ಶುರುಮಾಡಿ ಮುಚ್ಚಳ ಹಾರಿಸುತ್ತದೆ.

ಬೀದರಿನವರಿಗೆ ಮಾತ್ರ ಹೇಳಬೇಕಾದ ಒಂದು ಮಾತು. ಊರಿನ ಹೆಮ್ಮೆಯೆಂದು ಬಿದರಿ ಬಟ್ಟಲಿಗೆ ರಸ ಸುರಿಯಬೇಡಿ. ಆ ಲೋಹದಲ್ಲಿ ಹೆಚ್ಚಿನ ಪಾಲು ಸತು, ಜೊತೆಗೆ ತಾಮ್ರ. ಹುಳಿ ರಸ ತಾಗಿದರೆ ಸತು ಬಿಡುತ್ತದೆ, ಕುಡಿದವರಿಗೆ ಹೊಟ್ಟೆ ತೊಳಸುತ್ತದೆ. ಬಿದರಿ ತಟ್ಟೆಯನ್ನು ಮೇಜಿನ ನಡುವೆ ಅಲಂಕಾರಕ್ಕಿಡಿ. ಕುಡಿಯಲಿಕ್ಕೆ ಸ್ಟೀಲೋ ಗಾಜೋ ಆಗಲಿ.

ಇನ್ನು ಮೂಳೆ. ಪೆಟ್ಟಿಗೆ ಚಿತ್ರ ಕೊಟ್ಟು ಕೈತೊಳೆದುಕೊಂಡಿದೆ. ಸಭೆಗೆ ಅತಿ ಹೆಚ್ಚು ಕಲಿಸುವ ವಸ್ತು ಅದೇ ಆಗಿತ್ತು. ಮರಿಯ ಒಂದು ಮೂಳೆಯನ್ನೂ ಮುರಿಯಬಾರದೆಂದು ವಿಮೋಚನಕಾಂಡ 12:46 ಹೇಳುತ್ತದೆ. ಶಿಲುಬೆಯ ಮೇಲೆ ಯೇಸುವಿನ ಕಾಲು ಮುರಿಯದೆ ಬಿಟ್ಟದ್ದನ್ನು ಯೋಹಾನ 19:36 ಆ ಮಾತಿಗೇ ಜೋಡಿಸುತ್ತದೆ. ಮಟನ್ ಅಂಗಡಿಗೆ ಹೋಗಿ ನಲ್ಲಿ ಮೂಳೆ ಕೇಳಿದರೆ ಕತ್ತಿ ತಾನೇ ಎದ್ದು ಮೂರು ತುಂಡು ಮಾಡಿಬಿಡುತ್ತದೆ, ಗಿರಾಕಿಗೆ ಒಳಗಿನ ಮಜ್ಜೆ ಬೇಕಲ್ಲ. ‘ಹೊಡೀಬ್ಯಾಡ್ರಿ, ಹಂಗs ಇಡಿ ಕೊಡ್ರಿ’ ಎಂದು ತೂಕಕ್ಕೆ ಹಾಕುವ ಮೊದಲೇ ಹೇಳಬೇಕು. ಕುರಿಯದಾಗಲಿ ಆಡಿನದಾಗಲಿ ನಡೆಯುತ್ತದೆ, 5ನೇ ವಚನ ಎರಡನ್ನೂ ಒಪ್ಪುತ್ತದೆ. ಕುದಿಸಿ ಮಾಂಸ ಬಿಡಿಸಿ, ಬಿಸಿಲಿಗೆ ಒಣಗಿಸಿ ಬರಿದಾದ ತಟ್ಟೆಯಲ್ಲಿಡಿ. ಆ ರಾತ್ರಿ ಮಟನ್ ಬಡಿಸದಿರುವುದೇ ಲೇಸು. ದೇವಾಲಯ ಹೋದ ಮೇಲೆ ಯೆಹೂದ್ಯರ ತಟ್ಟೆಯಲ್ಲೂ ಮರಿಯಿಲ್ಲ, ಮೂಳೆಯಷ್ಟೇ. ಕ್ರೈಸ್ತರ ಮೇಜಿನಲ್ಲಿ ಮರಿಯಿಲ್ಲದಿರಲು ಕಾರಣ ಬೇರೆ: ಕೊಯ್ದಾಗಿದೆ, ಮತ್ತೆ ಕೊಯ್ಯುವಂತಿಲ್ಲ. ಖಾಲಿ ತಟ್ಟೆ, ಇಡೀ ಮೂಳೆ ಎದುರಿಗಿದ್ದರೆ ಇದನ್ನು ಹೇಳಲಿಕ್ಕೆ ಐದು ನಿಮಿಷ ಸಾಕು.

ಕರಪತ್ರ ಪಕ್ಕಕ್ಕಿಡಿ. ಅನುವಾದ ಒರಟು ಎನ್ನುವುದು ಸಣ್ಣ ದೂರು. ಯೆಹೂದ್ಯರು ಈಗ ಮೂರು ಮಾಟ್ಜಾ ಹಾಳೆಗಳಲ್ಲಿ ನಡುವಿನದನ್ನು ಮುರಿದು ಬಚ್ಚಿಡುತ್ತಾರೆ, ಅದನ್ನು ಯೇಸುವೇ ಮಾಡಿದನೆಂದು ಬರೆದದ್ದು ದೊಡ್ಡದು. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ, ಯೆಹೂದ್ಯರ ಕಟ್ಟಳೆಗಳ ಸಂಗ್ರಹವಾದ ಮಿಷ್ನಾದಲ್ಲೂ ಬಚ್ಚಿಡುವ ಮಾತಿಲ್ಲ. ಕಡೆಯ ಊಟ ಪಸ್ಕದ ಊಟವೇ ಎಂದು ಮತ್ತಾಯ, ಮಾರ್ಕ, ಲೂಕರು ಹೇಳಿದರೆ, ಮರುದಿನ ಬೆಳಿಗ್ಗೆಯೂ ಯೆಹೂದ್ಯರು ಪಸ್ಕ ಉಂಡಿರಲಿಲ್ಲವೆಂದು ಯೋಹಾನ 18:28 ಹೇಳುತ್ತದೆ. ಕರಪತ್ರ ಇದನ್ನು ಮುಟ್ಟುವುದೇ ಇಲ್ಲ. ಬೈಬಲ್ ಅಧ್ಯಯನದವರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ಯೆಹೂದ್ಯರ ಪ್ರಾರ್ಥನೆಗಳನ್ನು ನಾಟಕದಂತೆ ಓದಿಸುವುದೂ ಸರಿಯಲ್ಲ, ಆ ಹಬ್ಬ ಇವತ್ತಿಗೂ ಅವರ ಮನೆಗಳಲ್ಲಿ ಜೀವಂತವಾಗಿದೆ. ಬದಲಿಗೆ ವಿಮೋಚನಕಾಂಡ 12:1–14, ಲೂಕ 22:7–20 ಓದಿ, ಕೀರ್ತನೆ 113ರಿಂದ 118ರೊಳಗೆ ಒಂದನ್ನು ಹಾಡಿ. ನಡುಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೋಲು ಹಿಡಿದು ತಿನ್ನಿರಿ ಎಂಬ 11ನೇ ವಚನ ಬಂದಾಗ ಒಂದು ಕ್ಷಣ ನಿಲ್ಲಿಸಿ. ಚಪ್ಪಲಿ ಹಾಕಿಕೊಂಡು ಊಟಕ್ಕೆ ಕೂತರೆ ಅಜ್ಜಿಯರು ಎಬ್ಬಿಸಿ ಕಳಿಸುವ ಊರು ನಮ್ಮದು, ಆ ರಾತ್ರಿಯ ಅವಸರ ಇಲ್ಲಿ ಬೇಗ ತಿಳಿಯುತ್ತದೆ.

ರೊಟ್ಟಿಯ ಪ್ಯಾಕೆಟ್ ತರಿಸುವವರು ತಾರೀಖು ನೋಡಿಕೊಳ್ಳಿ. ಮಾರುವವರು ಹೊಸ ಮಾಲು ತರುವುದು ಯೆಹೂದ್ಯರ ಪಂಚಾಂಗ ನೋಡಿ. ಕ್ರಿ.ಶ. 325ರಲ್ಲಿ ಬಿಷಪರು ಕೂಡಿದ ನಿಕಾಯ ಮಹಾಸಭೆಯ ನಂತರ ಈಸ್ಟರಿನ ಲೆಕ್ಕ ಅದರಿಂದ ಬೇರೆಯಾಗಿದೆ. 2026ರಲ್ಲಿ ಎರಡೂ ಕೂಡಿ ಬಂದವು, ಏಪ್ರಿಲ್ 1ರ ರಾತ್ರಿ ಪಸ್ಕ, 2ಕ್ಕೆ ಪವಿತ್ರ ಗುರುವಾರ. 2027ರಲ್ಲಿ ಗುರುವಾರ ಮಾರ್ಚ್ 25ಕ್ಕೇ ಬೀಳುತ್ತದೆ, ಪಸ್ಕ ಶುರುವಾಗುವುದು ಏಪ್ರಿಲ್ 21ರ ಸಂಜೆ. ಅಂಥ ವರ್ಷ ಮಾರ್ಚಿನಲ್ಲಿ ಕೈಗೆ ಬರುವುದು ಹಿಂದಿನ ವರ್ಷದ ಮಾಲೇ ಆಗಿರಬಹುದು. ತಯಾರಿಕೆಯ ತಿಂಗಳು ಪ್ಯಾಕೆಟ್ಟಿನ ಬೆನ್ನಿಗೆ, ಅಂಟಿಸಿದ ಜಾಗದ ಮಡಿಕೆಯಲ್ಲಿ ಅಚ್ಚಾಗಿರುತ್ತದೆ. ಹಳೆಯದಾಗಿದ್ದರೆ ವಾಪಸ್ ಕಳಿಸಿ, ಹಂಚು ಕಾಯಲಿಕ್ಕಿಡಿ.