ಸ್ಲೈಡೆಲ್ಲಾ ಹಾಳಾದ್ಮೇಲೆ ಹೋದ ಡಿಟಿಪಿ ಅಂಗಡಿ, ಶಿರಸಿ

ಶಿರಸಿ ಹಳೇ ಬಸ್ ಸ್ಟ್ಯಾಂಡಿಂದ ನಡ್ಕೊಂಡು ಹೋಗೋ ದೂರದಲ್ಲೇ ಇರೋ ಈ ಝೆರಾಕ್ಸ್ ಡಿಟಿಪಿ ಅಂಗಡಿಗೆ ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ಬೇಕು.

ಮೇ ಕೊನೆಗೆ ನಮ್ಮ ಕಡೆ ಅಡಿಕೆ ಬೆಳೆಗಾರರ ಒಂದು ಮೀಟಿಂಗಲ್ಲಿ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ಕೊಳೆರೋಗದ ಬಗ್ಗೆ ಪ್ರೆಸೆಂಟೇಶನ್ ಕೊಡೋದಿತ್ತು, ನಂಗೆ ಮೊದಲ್ನೇ ಸಲ. ಮನೆ ಕಂಪ್ಯೂಟರಲ್ಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ 14 ಸ್ಲೈಡ್ ಮಾಡ್ಕೊಂಡು ಪೆನ್‌ಡ್ರೈವಲ್ಲಿ ತಗೊಂಡು ಹೋದೆ, ಅಲ್ಲಿನ ಲ್ಯಾಪ್‌ಟಾಪಲ್ಲಿ ಓಪನ್ ಮಾಡಿದ್ರೆ ಒಂದಕ್ಷರ ಕನ್ನಡ ಇಲ್ಲ! ಅಡಿಕೆ ಅಂತ ಇರ್ಬೇಕಾದಲ್ಲಿ ಸಿ, ಆರ್, ಪಿ, ಆಮೇಲೆ ತಲೆ ಮೇಲೆ ಗೀಟಿರೋ ಒಂದು ಇ. ಎದುರಿಗೆ ನಲವತ್ತು ಜನ, ಅದ್ರಲ್ಲಿ ನಮ್ಮ ದೊಡ್ಡಪ್ಪನೂ ಕೂತಿದ್ರು. ಬಾಯಲ್ಲೇ ಹೇಳ್ಬಹುದಿತ್ತು, ಚಿಕ್ಕೋಳಿದ್ದಾಗಿಂದ ತೋಟದಲ್ಲಿ ನೋಡಿದ್ದೇ, ಆದ್ರೆ ಆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಎಷ್ಟು ಹಾಕ್ಬೇಕು ಅಂತ ಒಬ್ರು ಕೇಳಿದಾಗ ನನ್ನ ಬಾಯೇ ಕಟ್ಟಿಹೋಯ್ತು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು ಇದು. ಐದು ನಿಮಿಷಕ್ಕೆ ಮುಗ್ಸಿ ಊಟಕ್ಕೂ ನಿಲ್ದೆ ಬಸ್ ಹತ್ತಿದೆ.

ಎರಡು ದಿನ ಯಾರ ಫೋನೂ ಎತ್ತಲಿಲ್ಲ, ಕಣ್ಣು ಮುಚ್ಚಿದ್ರೆ ಅದೇ ಸ್ಕ್ರೀನು. ಮುಂದಿನ ವಾರ ಬೇರೆ ಊರಲ್ಲಿ ಅದನ್ನೇ ಹೇಳೋದಿತ್ತು, ಬರಲ್ಲ ಅಂತ ತಿಳಿಸ್ಬಿಡೋಣ ಅಂತಲೇ ಇದ್ದೆ. ಕೊನೆಗೆ ಸ್ಲೈಡಾದ್ರೂ ಸರಿ ಮಾಡ್ಸೋಣ ಅಂತ ಈ ಅಂಗಡಿಗೆ ಹೋದೆ.

ಅಂಗಡಿ ಅಕ್ಕ ಫೈಲ್ ನೋಡಿದ ತಕ್ಷಣ ಹೇಳಿದ್ರು, ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಅಕ್ಷರವಾಗೇ ಇರ್ತದೆ, ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಮಾತ್ರ ಕನ್ನಡ ಕಾಣ್ತದೆ, ಎಲ್ಲಾ ಕಂಪ್ಯೂಟರಿಗೂ ಅರ್ಥವಾಗೋ ಯೂನಿಕೋಡಿಗೆ ಬದಲಾಯ್ಸಿ ಪಿಡಿಎಫ್ ಮಾಡಿಟ್ರೆ ಎಲ್ಲಿ ಬೇಕಾದ್ರೂ ತೆರೀಬಹುದು ಅಂತ. ಅಷ್ಟು ಕೇಳಿ ನಂಗೆ ಅಳುನೇ ಬಂತು. "ಎಂತ ಆತೇ ತಂಗಿ" ಅಂತ ಸ್ಟೂಲ್ ಎಳೆದು ಕೂರ್ಸಿದ್ರು, ಎಲ್ಲಾ ಹೇಳ್ದೆ.

ಕನ್ವರ್ಟರಿಗೆ ಹಾಕಿ ಹಂಗೇ ಕೊಟ್ಟು ದುಡ್ಡು ತಗೊಳೋರು ಇದಾರೆ, ಇವ್ರು ಹಂಗಲ್ಲ, ಅರ್ಕಾವತ್ತು ಒತ್ತಕ್ಷರ ಎಲ್ಲೆಲ್ಲಿ ತಪ್ಪಿತ್ತೋ ಒಂದೊಂದೇ ಸ್ಲೈಡ್ ಓದಿ ತಿದ್ದಿದ್ರು. ಆಮೇಲೆ ರಶ್ ಕಮ್ಮಿ ಆದಾಗ "ಈಗ ನಂಗೆ ಹೇಳು ನೋಡನ, ನಂಗಳ ಮನೇಲೂ ತೋಟ ಇದ್ದು" ಅಂದ್ರು. ಶುರು ಮಾಡಿದೆ, ಸರಿಯಾಗಿ ಅದೇ ಮೈಲುತುತ್ತದ ಹತ್ರ ಮತ್ತೆ ನಿಂತೋಯ್ತು. ಅವ್ರು ಏನೂ ಅನ್ಲಿಲ್ಲ, ಯಾರದೋ ಝೆರಾಕ್ಸ್ ತೆಗೀತಾ ಕಾದ್ರು. ಮೂರನೇ ಸಲಕ್ಕೆ ಸರಾಗ ಬಂತು. ಹೊರಡೋವಾಗ ಒಂದು ಮಾತು ಹೇಳಿದ್ರು, ದ್ರಾವಣದ ಬಕೆಟ್ಟು ಚಾಕು ತಗೊಂಡು ಹೋಗು, ಸ್ಲೈಡು ಆಮೇಲೆ ತೋರ್ಸು ಅಂತ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗ್ದಾಗ ಅದ್ರ ಮೇಲೆ ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಸಾಲ್ದು, ಇನ್ನೂ ಹಾಕ್ಬೇಕು. ನಮ್ಮಪ್ಪಯ್ಯನೂ ಹಿಂಗೇ ನೋಡ್ತಿದ್ದಿದ್ದು, ನನ್ನ 14 ಸ್ಲೈಡಲ್ಲಿ ಇದೊಂದೇ ಇರ್ಲಿಲ್ಲ!

ಎರಡನೇ ಊರಲ್ಲಿ ಬಕೆಟ್ಟಿಂದನೇ ಶುರು ಮಾಡಿದೆ. ಮೊದಲಿಗೆ ಧ್ವನಿ ನಡುಗ್ತು, ಕೈಯಲ್ಲಿ ಕೆಲಸ ಇದ್ದಿದ್ದಕ್ಕೋ ಏನೋ ಆಮೇಲೆ ಸರಿಹೋಯ್ತು. ಎರಡನೇ ಔಷಧಿ 40-45 ದಿನಕ್ಕೆ ಅಂದಾಗ ಮಳೆನೇ ಬಿಡದಿದ್ರೆ ಹೊಡೆಯೋದು ಹೆಂಗೆ ಅಂತ ಒಬ್ರು ಕೇಳಿದ್ರು, ಅದ್ರ ಮೇಲೆ ಅವ್ರವ್ರಲ್ಲೇ ಕಾಲು ಗಂಟೆ ಮಾತಾಯ್ತು, ಮಳೆ ತಾಗದ ಹಂಗೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟೋ ವಿಷಯನೂ ಬಂತು, ನಾನು ಕೂತು ಬರ್ಕೊಂಡೆ. ಆವತ್ತು ಊಟ ಮಾಡ್ಕೊಂಡೇ ಬಂದೆ.

ರೇಟು: ಸ್ಲೈಡಿಗೆ 20 ರೂಪಾಯಿ ತಗೊಂಡ್ರು, ಹಂಚೋದಕ್ಕೆ ತೆಗ್ಸಿದ ಝೆರಾಕ್ಸ್ ಪೇಜಿಗೆ 2. ಕೂತು ಕೇಳಿದ್ದಕ್ಕೆ ಎಷ್ಟು ಹೇಳಿದ್ರೂ ದುಡ್ಡು ಮುಟ್ಲಿಲ್ಲ. ಜಾಗ ಚಿಕ್ಕದು, ಅಡ್ಮಿಶನ್ ಟೈಮಲ್ಲಿ ಫಾರಂ ತುಂಬೋ ಮಕ್ಕಳು ರಸ್ತೆ ತನಕ ನಿಂತಿರ್ತಾರೆ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಕಾಯ್ಬೇಕು. ಮಧ್ಯಾಹ್ನ ಎರಡರ ಮೇಲೆ ಹೋಗಿ, ಭಾನುವಾರ ಬಾಗಿಲು ಹಾಕಿರ್ತದೆ, ಮತ್ತೆ ಟೈಪ್ ಮಾಡಿದ ಫೈಲೇ ತಗೊಂಡು ಹೋಗಿ, ವಾಟ್ಸಾಪಲ್ಲಿ ಫೋಟೋ ಕಳ್ಸಿದ್ರೆ ಎಲ್ಲಾ ಹೊಸದಾಗಿ ಟೈಪ್ ಮಾಡ್ಬೇಕಾಗ್ತದೆ.